ಒಡೆದ ಮನೆಗಳ ಕಥೆ ಓದುವುದು ಹೇಗೆ: ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ನಾಲ್ವರು ಸೊಸೆಯಂದಿರು

ತಿಂಗಳಿಗೊಮ್ಮೆ ನಾವು ಎಂಟು ಮಂದಿ ಯಾರದಾದರೂ ಮನೆಯಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಹರಟುತ್ತೇವೆ. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯ ಸರದಿ ಬಂದ ಭಾನುವಾರ ಮೊದಲ ಅರ್ಧ ಗಂಟೆ ಗಂಗಮ್ಮನಿಗೆ ಹಿಡಿಶಾಪ ಹಾಕುವುದರಲ್ಲೇ ಹೋಯಿತು. ಎಂಥ ಬಾಯಿ, ಎಂಥ ಅತ್ತೆ, ಹೆತ್ತ ಮಕ್ಕಳನ್ನೂ ಬಿಡುವುದಿಲ್ಲವಲ್ಲ! ಅವಳಾದ ಮೇಲೆ ಅವಳ ಮಗ ಚೆನ್ನಿಗರಾಯ ಸಿಕ್ಕಿಬಿದ್ದ. ಅಂಥ ಗಂಡನನ್ನು ಏನು ಮಾಡಬೇಕು ಎಂಬುದಕ್ಕೆ ಒಬ್ಬೊಬ್ಬರೂ ಒಂದೊಂದು ಶಿಕ್ಷೆ ಸೂಚಿಸಿದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ಟೀಚರ್, ನಮಗೆಲ್ಲ ಅಕ್ಕ, ಚಕ್ಕುಲಿ ಮುರಿಯುತ್ತಾ ಕೇಳಿದರು: “ಅಲ್ರೋ, ಆ ಮನೇಲಿ ಯಾರು ಮೊದಲು ಉಣ್ತಾರೆ, ಯಾರು ಕೊನೇಲಿ ಉಣ್ತಾರೆ, ಯಾರಾದ್ರೂ ಗುರುತು ಹಾಕ್ಕೊಂಡ್ರಾ?”

ಯಾರೂ ಹಾಕಿಕೊಂಡಿರಲಿಲ್ಲ. ಓದಿದ್ದೇನೋ ಕಾದಂಬರಿ, ಮಾತಾಡಿದ್ದು ಮಾತ್ರ ಬೀದಿ ಕೊನೆಯ ಮನೆಯ ಜಗಳದ ಬಗ್ಗೆ ಮಾತಾಡಿದ ಹಾಗೆ. ತಪ್ಪು ಯಾರದು, ಸರಿ ಯಾರದು, ತೀರ್ಪು ಕೊಟ್ಟು ಎದ್ದರಾಯಿತು.

ಅಕ್ಕನ ಆ ಒಂದು ಪ್ರಶ್ನೆಯಿಂದ ಬೆಳೆದ ಓದುವ ಕ್ರಮ ಇದು. ಕೆಲವು ವರ್ಷಗಳಿಂದ ತಿದ್ದುತ್ತಾ ಬಂದಿದ್ದೇವೆ. ಒಬ್ಬರೇ ಓದುವವರಿಗೂ ಆಗುತ್ತದೆ, ನಮ್ಮಂಥ ಗುಂಪಿಗೂ ಆಗುತ್ತದೆ, ಪಾಠ ಮಾಡುವ ಮೇಷ್ಟ್ರಿಗೂ ಆದೀತು. ಇದರ ಹಿಂದೆ ಇರುವ ಯೋಚನೆ ಒಂದೇ. ಮನೆಯನ್ನು ಒಡೆದವರು ಯಾರು ಎಂದು ಹುಡುಕಲು ಹೋದರೆ ಒಬ್ಬ ಖಳ ಸಿಕ್ಕಿ ಓದು ಅಲ್ಲಿಗೇ ಮುಗಿಯುತ್ತದೆ. ಆ ಮನೆ ಇಷ್ಟು ದಿನ ಒಡೆಯದ ಹಾಗೆ ಕಾಣುತ್ತಿತ್ತಲ್ಲ, ಅದರ ಖರ್ಚು ಯಾರ ತಲೆಗೆ ಬಿದ್ದಿತ್ತು ಎಂದು ಕೇಳಿದರೆ ಅದೇ ಪುಸ್ತಕ ಬೇರೆಯಾಗಿ ತೆರೆದುಕೊಳ್ಳುತ್ತದೆ.

ಮೊದಲು ಪುಸ್ತಕ

ನಾಲ್ಕು ಸಾಕು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ, ಗಿರೀಶ ಕಾರ್ನಾಡರ ನಾಟಕ ‘ಯಯಾತಿ’ (1961), ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970), ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಓದುವ ಕ್ರಮ ಮಾತ್ರ ಹೀಗಿರಲಿ: ಮೊದಲು ಹಾಡು, ಹತ್ತು ನಿಮಿಷದ ಕೆಲಸ. ಆಮೇಲೆ ‘ಘಾಚರ್ ಘೋಚರ್’, ಒಂದು ಸಂಜೆಗೆ ಮುಗಿಯುತ್ತದೆ. ಮೂರನೆಯದು ನಾಟಕ. ‘ಗೃಹಭಂಗ’ ಕೊನೆಗೆ, ನಿಧಾನಕ್ಕೆ. ದಪ್ಪ ಪುಸ್ತಕದಿಂದ ಶುರು ಮಾಡಿದವರು ಅರ್ಧಕ್ಕೇ ಬಿಟ್ಟು “ಅಯ್ಯೋ, ಬರೀ ಗೋಳು” ಎಂದು ಕೈತೊಳೆದುಕೊಂಡದ್ದನ್ನು ನೋಡಿದ್ದೇನೆ.

ಈ ನಾಲ್ಕೇ ಏಕೆಂದರೆ, ನಾಲ್ಕರಲ್ಲೂ ಒಬ್ಬಳು ಸೊಸೆ ಇದ್ದಾಳೆ. ಭಾಗೀರಥಿ, ಚಿತ್ರಲೇಖೆ, ನಂಜಮ್ಮ, ಅನಿತಾ. ಒಂದು ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಆ ಮನೆಯ ರೂಢಿಯೇ ಲೋಕದ ರೂಢಿ. ಸೊಸೆ ಇನ್ನೊಂದು ಮನೆಯನ್ನು ಕಂಡು ಬಂದವಳು. ಗೋಡೆಯ ಬಿರುಕು ಮೊದಲು ಬೀಳುವುದು ಅವಳ ಕಣ್ಣಿಗೇ. ಅವಳು ನಿಂತ ಜಾಗದಲ್ಲಿ ನಿಂತು ಓದುವುದು ಒಂದು ಉಪಾಯ, ಅಷ್ಟೆ. ಅವಳು ಹೇಳಿದ್ದೆಲ್ಲ ಸರಿ ಎಂದೇನೂ ಅಲ್ಲ.

ಕಥೆಯ ಕೊನೆ ಮೊದಲೇ ತಿಳಿಯಬಾರದು ಎನ್ನುವವರು ಪುಸ್ತಕ ಓದಿಕೊಂಡು ಬಂದು ಮುಂದಿನದನ್ನು ಓದಿ. ‘ಘಾಚರ್ ಘೋಚರ್’ನ ಕೊನೆಯ ಪುಟಗಳನ್ನಷ್ಟೇ ನಾನು ಮುಟ್ಟುವುದಿಲ್ಲ.

ಮನೆಯ ನಕ್ಷೆ ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವಂಶವೃಕ್ಷ ಬರೆಯುವ ಅಭ್ಯಾಸ ಎಷ್ಟೋ ಜನಕ್ಕಿದೆ. ಬರೆಯಲಿ. ಆದರೆ ಅದರಲ್ಲಿ ಯಾರು ಯಾರಿಗೆ ಹುಟ್ಟಿದರು ಎಂಬುದು ಬಿಟ್ಟರೆ ಹೆಚ್ಚೇನೂ ತಿಳಿಯದು. ಎರಡನೆಯ ಪುಟದಲ್ಲಿ ಮನೆಯ ನಕ್ಷೆ ಬರೆಯಿರಿ. ಜಗಲಿ, ನಡುಮನೆ, ಅಡುಗೆಮನೆ, ಹಿತ್ತಿಲು. ಪಾತ್ರಗಳ ಹೆಸರನ್ನು ಅವರು ಹೆಚ್ಚು ಹೊತ್ತು ಇರುವ ಜಾಗದಲ್ಲಿ ಬರೆಯಿರಿ. ಯಾರ ಮಾತು ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ಬಾಣ ಹಾಕಿ.

‘ಘಾಚರ್ ಘೋಚರ್’ಗೆ ಇಂಥ ನಕ್ಷೆ ಎರಡು ಬೇಕು. ಮೊದಲಿನ ಬಡ ಮನೆಯಲ್ಲಿ ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಇರುವೆಗಳ ಕಾಟ ಬೇರೆ. ಅಲ್ಲಿ ಯಾರ ಗುಟ್ಟೂ ಗುಟ್ಟಾಗಿ ಉಳಿಯುವ ಹಾಗಿಲ್ಲ. ಪೈಸೆ ಪೈಸೆಯ ಲೆಕ್ಕ ಎಲ್ಲರಿಗೂ ಗೊತ್ತು. ಚಿಕ್ಕಪ್ಪನ ‘ಸೋನಾ ಮಸಾಲಾ’ ವ್ಯಾಪಾರ ಕುದುರಿ ಹೊಸ ಮನೆಗೆ ಬಂದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಬಾಗಿಲು. ಎರಡು ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಈ ಕುಟುಂಬಕ್ಕೆ ಏನಾಯಿತು ಎಂಬುದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ದುಡ್ಡು ಮತ್ತು ಅನ್ನದ ಜಾಡು ಹಿಡಿಯಿರಿ

ಇದು ಈ ಇಡೀ ಕ್ರಮದ ಬೆನ್ನೆಲುಬು. ಪ್ರತಿ ಅಧ್ಯಾಯ ಮುಗಿದಾಗಲೂ ಮೂರು ಸಾಲು ಬರೆಯಿರಿ. ದುಡ್ಡು ಎಲ್ಲಿಂದ ಬಂತು? ಯಾರ ಕೈಯಲ್ಲಿ ಖರ್ಚಾಯಿತು? ಒಲೆ ಹಚ್ಚಿದವರು ಯಾರು?

‘ಗೃಹಭಂಗ’ವನ್ನು ಹೀಗೆ ಓದಬೇಕಾದರೆ ಶ್ಯಾನುಭೋಗಿಕೆ ಎಂದರೇನು ಎಂಬುದು ಸ್ವಲ್ಪ ಗೊತ್ತಿರಬೇಕು. ಈಗಿನ ಓದುಗರಿಗೆ ಅದು ಬರೀ ಅಡ್ಡಹೆಸರು. ಹಳೇ ಮೈಸೂರಿನಲ್ಲಿ ಊರಿನ ಜಮೀನು, ಕಂದಾಯ, ಬೆಳೆಯ ಲೆಕ್ಕ ಬರೆಯುತ್ತಿದ್ದವನು ಶ್ಯಾನುಭೋಗ. ಆ ಹುದ್ದೆ ಅಪ್ಪನಿಂದ ಮಗನಿಗೆ ಆಸ್ತಿಯ ಹಾಗೆ ಇಳಿದು ಬರುತ್ತಿತ್ತು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಕಾದಂಬರಿಯ ಕಾಲ 1920ರ ದಶಕದಿಂದ 1940ರ ದಶಕದವರೆಗೆ, ಸೀಮೆ ತಿಪಟೂರು–ಚನ್ನರಾಯಪಟ್ಟಣದ ಕಡೆಯದು. ಅಂದರೆ ಚೆನ್ನಿಗರಾಯನಿಗೆ ಲೆಕ್ಕ ಬರಲಿ ಬಿಡಲಿ, ಲೆಕ್ಕದ ಪುಸ್ತಕ ಅವನ ಮನೆಗೇ ಬರುತ್ತದೆ.

ಅವನಿಗೆ ಬರುವುದಿಲ್ಲ. ಬರೆಯುವವಳು ಹೆಂಡತಿ ನಂಜಮ್ಮ. ಈ ಒಂದು ಸಂಗತಿಯ ಮೇಲೆ ಪೆನ್ಸಿಲ್ ಊರಿ ನಿಲ್ಲಿ. ಲೆಕ್ಕ ಬರೆಯುವ ಕೈ ಅವಳದು, ರುಜು ಗಂಡನದು. ಹುದ್ದೆ ಅವನ ಹೆಸರಲ್ಲಿ, ದುಡ್ಡು ಬಂದರೆ ಅವನ ಕೈಗೆ. ಅವನಿಗೋ ತನ್ನ ಹೊಟ್ಟೆಯದೇ ಚಿಂತೆ. ಹೆಂಡತಿ ಮಕ್ಕಳು ಉಂಡರೋ ಇಲ್ಲವೋ ಎಂಬುದು ತಲೆಗೆ ಹೋಗುವ ಮನುಷ್ಯನೇ ಅಲ್ಲ. ಅವಳು ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಕಾಣುತ್ತಾಳೆ. ಇನ್ನೊಬ್ಬರ ಮನೆಯ ಊಟಕ್ಕೆ ಎಲೆ ಹಚ್ಚಿ ತನ್ನ ಮನೆಯ ಊಟ ಹೊಂದಿಸುವವಳು. ಅಕ್ಕ ಈ ಮಾತು ಹೇಳಿದ ದಿನ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಕಾಫಿ ಲೋಟ ಎತ್ತಲಿಲ್ಲ.

ಈಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ. ಎಡಕ್ಕೆ ‘ಹೆಸರು ಯಾರದು’, ಬಲಕ್ಕೆ ‘ಕೆಲಸ ಯಾರದು’. ಶ್ಯಾನುಭೋಗಿಕೆ, ಮನೆ, ಜಮೀನು, ಅಡುಗೆ, ಮಕ್ಕಳ ಓದು, ಎಲ್ಲವನ್ನೂ ತುಂಬಿಸುತ್ತಾ ಹೋಗಿ. ‘ಗೃಹಭಂಗ’ ಮುಗಿಯುವ ಹೊತ್ತಿಗೆ ಬಲಗಡೆಯಲ್ಲಿ ಹೆಚ್ಚುಕಮ್ಮಿ ಒಂದೇ ಹೆಸರು ಇರುತ್ತದೆ. ಅದೇ ಕಾಲಂ ‘ಘಾಚರ್ ಘೋಚರ್’ಗೆ ಮಾಡಿದರೆ ತಮಾಷೆ ಬೇರೆ. ಅಲ್ಲಿ ದುಡಿಯುವವನು ಚಿಕ್ಕಪ್ಪ ಒಬ್ಬನೇ. ಮಿಕ್ಕವರ ಕೆಲಸ ಎಂದರೆ ಅವನಿಗೆ ಬೇಸರವಾಗದ ಹಾಗೆ ನೋಡಿಕೊಳ್ಳುವುದು. ಕಥೆ ಹೇಳುವ ಯುವಕ ಕಂಪನಿಯಲ್ಲಿ ಹೆಸರಿಗಷ್ಟೇ ಇದ್ದಾನೆ. ಅದು ಅನಿತಾಗೆ ತಿಳಿಯುವುದು ಮದುವೆಯಾದ ಮೇಲೆ. ಒಂದು ಮನೆಯಲ್ಲಿ ದುಡ್ಡಿಲ್ಲದೆ ಬಿರುಕು, ಇನ್ನೊಂದರಲ್ಲಿ ದುಡ್ಡು ಬಂದು ಬಿರುಕು. ಎರಡೂ ಕಡೆ ದುಡಿಮೆಗೂ ಮಾತಿಗೂ ಇರಬೇಕಾದ ನಂಟು ಕಳಚಿದೆ. ಒಂದರಲ್ಲಿ ದುಡಿಯುವವಳಿಗೆ ಮಾತಿಲ್ಲ, ಇನ್ನೊಂದರಲ್ಲಿ ದುಡಿಯುವವನ ಎದುರು ಯಾರಿಗೂ ಮಾತಿಲ್ಲ.

ಕರೆಯುವ ಬಗೆ ಕೇಳಿಸಿಕೊಳ್ಳಿ

ಕನ್ನಡದಲ್ಲಿ ಸಂಬಂಧ ಹದಗೆಟ್ಟದ್ದು ಮೊದಲು ಗೊತ್ತಾಗುವುದು ಕರೆಯುವುದರಲ್ಲಿ. ‘ನೀವು’ ಇದ್ದದ್ದು ‘ನೀನು’ ಆಗುವುದು, ‘ನೀನು’ ಇದ್ದದ್ದು ಇದ್ದಕ್ಕಿದ್ದಂತೆ ‘ನೀವು’ ಆಗುವುದು (ಇದು ಇನ್ನೂ ಅಪಾಯ), ಹೆಸರು ಬಿಟ್ಟು ‘ನಿಮ್ಮ ಮಗ’, ‘ನಿನ್ನ ಹೆಂಡತಿ’ ಎನ್ನುವುದು. ಪ್ರತಿ ಪಾತ್ರ ಇನ್ನೊಂದನ್ನು ಏನೆಂದು ಕರೆಯುತ್ತದೆ ಎಂದು ಒಂದು ಪುಟ ಮೀಸಲಿಡಿ. ಅದು ಬದಲಾದ ಕಡೆ ಪುಟಸಂಖ್ಯೆ ಬರೆಯಿರಿ.

‘ಕೆರೆಗೆ ಹಾರ’ದಲ್ಲಿ ಭಾಗೀರಥಿಯ ಹೆಸರಿಗೆ ‘ಕಿರಿಸೊಸೆ’ ಎಂಬುದು ಅಂಟಿಕೊಂಡೇ ಬರುತ್ತದೆ. ಮನೆಯಲ್ಲಿ ಅವಳಿಗಿರುವ ಸ್ಥಾನ ಅವಳ ಹೆಸರಿಗಿಂತ ಮುಂದೆ ನಡೆಯುತ್ತದೆ. ‘ಘಾಚರ್ ಘೋಚರ್’ನಲ್ಲಿ ಕಥೆ ಹೇಳುವವನಿಗೆ ಹೆಸರೇ ಇಲ್ಲ. ಅವನು ಮಗ, ಗಂಡ, ಅಣ್ಣನ ಮಗ, ಅಷ್ಟೇ.

ಬೈಗುಳವನ್ನೂ ಬಿಡಬೇಡಿ. ‘ಮುಂಡೇಮಗನೆ’ ಎಂಬುದು ನಮ್ಮ ಕಡೆ ಬಾಯಿತುದಿಯ ಬೈಗುಳ. ಗಂಡ ಸತ್ತ ತಾಯಿ ಹೊಟ್ಟೆಯ ಮಗನಿಗೆ ಅದನ್ನು ಎಸೆದರೆ ಅದು ಹೋಗಿ ಬೀಳುವುದು ಯಾರ ಮೇಲೆ? ನಮ್ಮ ಕೇರಿಯಲ್ಲೇ ಅಂಥ ಒಬ್ಬ ಅಜ್ಜಿ ಇದ್ದರು. ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು. ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು ಎಂದು ನನಗೆ ಹೊಳೆದದ್ದು ಅವರು ಹೋಗಿ ಎಷ್ಟೋ ವರ್ಷದ ಮೇಲೆ.

ಆಡದೆ ಉಳಿದ ಮಾತನ್ನು ಬರೆಯಿರಿ

ಇಲ್ಲಿ ಹಾಡನ್ನು ಹತ್ತಿರದಿಂದ ನೋಡೋಣ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಜೋಯಿಸರನ್ನು ಕೇಳಿದರೆ ಮನೆಯ ಸೊಸೆಯೊಬ್ಬಳನ್ನು ಹಾರ, ಅಂದರೆ ಬಲಿ, ಕೊಡಬೇಕು ಎನ್ನುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಹಿರಿತನ ನಡೆಸುವವರು ಯಾರು? ಹಾಗಾಗಿ ಕಿರಿಸೊಸೆ ಭಾಗೀರಥಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಊರಲ್ಲಿಲ್ಲ.

ವಿಷಯ ತಿಳಿದ ಭಾಗೀರಥಿ ತವರಿಗೆ ಓಡುತ್ತಾಳೆ. ಬಾಡಿದ ಮುಖ ಕಂಡು ಅಪ್ಪ ಏನಾಯಿತೆಂದು ಕೇಳುತ್ತಾನೆ. ನನ್ನ ಅತ್ತೆಮಾವ ನನ್ನನ್ನು ಬೇರೆ ಇಡುತ್ತಾರಂತೆ, ಎನ್ನುತ್ತಾಳೆ. ಇಟ್ಟರೆ ಇಡಲಿ ಬಿಡು, ಹೊಲಮನೆ ಕೊಡಿಸುತ್ತೇನೆ ಎನ್ನುತ್ತಾನೆ ಅಪ್ಪ. ನಿನ್ನ ಹೊಲಮನೆ ಹೊಳೆಗೆ ಹಾಕು ಎಂದು ತಾಯಿಯ ಹತ್ತಿರ ಬರುತ್ತಾಳೆ. ತಾಯಿ ವಾಲೆ ಮಾಡಿಸುವ ಮಾತಾಡುತ್ತಾಳೆ. ಅದೂ ಒಲೆಗೆ. ಕೊನೆಗೆ ಗೆಳತಿಯ ಹತ್ತಿರ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಆ ಗೆಳತಿಯೂ ಹೇಳುವುದು, ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂದು.

ಈಗ ‘ಬೇರೆ ಇಡುತ್ತಾರಂತೆ’ ಎಂಬ ಎರಡು ಪದದ ಮೇಲೆ ಕೂತುಕೊಳ್ಳಿ. ಒಕ್ಕಲು ಮನೆಗಳಲ್ಲಿ ಬೇರೆ ಇಡುವುದೆಂದರೆ ಒಲೆ ಬೇರೆ ಮಾಡುವುದು, ಪಾಲು ಹಂಚಿ ಕಳಿಸುವುದು. ಅಪ್ಪ ಅದನ್ನು ಹಾಗೇ ಕೇಳಿಸಿಕೊಂಡ. ಅವನ ಉತ್ತರ ಆ ಪ್ರಶ್ನೆಗೆ ಸರಿಯಾಗೇ ಇದೆ. ಭಾಗೀರಥಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅವಳನ್ನು ಬೇರೆ ಇಡುತ್ತಾರೆ, ಕೆರೆಯಲ್ಲಿ. ಇನ್ನು ಆ ‘ಅಂತೆ’. ಕಂಡದ್ದಕ್ಕೆ ‘ಅಂತೆ’ ಹಾಕುವುದಿಲ್ಲ, ಯಾರೋ ಅಂದದ್ದಕ್ಕೆ ಹಾಕುತ್ತೇವೆ. ತನ್ನ ಸಾವನ್ನೇ ಅವಳು ಯಾರದೋ ಸುದ್ದಿಯ ಹಾಗೆ ಹೇಳುತ್ತಿದ್ದಾಳೆ. ಇಷ್ಟು ಹೇಳಿದರೆ ಅಪ್ಪನಿಗೆ ಅರ್ಥವಾದೀತು ಎಂದು ಕಾಯುತ್ತಿದ್ದಾಳೆಯೇ? ಅಥವಾ ಅರ್ಥವಾಗಿಬಿಟ್ಟರೆ ಅವನೂ ಗೆಳತಿಯ ಹಾಗೆಯೇ ಅಂದಾನು ಎಂದು ಹೆದರಿದ್ದಾಳೆಯೇ? ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ಅಪ್ಪ “ಇಟ್ಟ ಹಾಗೆ ಇರು” ಅಂದುಬಿಟ್ಟರೆ ಅವಳಿಗೆ ತವರು ಎಂಬುದೂ ಉಳಿಯುವುದಿಲ್ಲ. ಕೇಳದೆ ಹೋದರೆ ಅಷ್ಟಾದರೂ ಉಳಿದೀತು.

ಶಾಲೆಯಲ್ಲಿ ಈ ಹಾಡನ್ನು ನಮಗೆ ತ್ಯಾಗದ ಕಥೆ ಎಂದು ಹೇಳಿಕೊಟ್ಟಿದ್ದರು. ಹಾಗೆ ಓದಿದರೆ ತವರಿಗೆ ಹೋದ ಭಾಗವೇ ದಂಡ. ತ್ಯಾಗ ಮಾಡಲು ಹೊರಟವಳು ಮೂರು ಬಾಗಿಲು ಯಾಕೆ ಬಡಿಯುತ್ತಾಳೆ?

ಮಾಡಬೇಕಾದ ಕೆಲಸ ಇಷ್ಟೆ. ಪ್ರತಿ ಮುಖ್ಯ ಪಾತ್ರ ಒಬ್ಬರಿಗೆ ಹೇಳಬೇಕಿದ್ದು ಹೇಳದೆ ಬಿಟ್ಟ ಒಂದು ಮಾತನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಒಂದೇ ಸಾಲು, ವಿವರಣೆ ಬೇಡ. ನಮ್ಮ ಗುಂಪಿನಲ್ಲಿ ಒಬ್ಬಳು ಭಾಗೀರಥಿಯ ಪರವಾಗಿ ಬರೆದದ್ದು: “ಅಪ್ಪಾ, ಇವತ್ತು ರಾತ್ರಿ ಇಲ್ಲೇ ಇರ್ತೀನಿ.” ಬದುಕಿಸು ಅಂತಲ್ಲ, ಒಂದು ರಾತ್ರಿ. ಅದನ್ನು ಓದಿದ ಮೇಲೆ ಮಿಕ್ಕವರು ತಂತಮ್ಮ ಹಾಳೆ ಮಡಿಸಿಟ್ಟುಕೊಂಡರು.

ಮುಂದಿನ ಭಾಗವೂ ಇದೇ ಜಾಡಿನದು. ಕೆರೆಯ ಪೂಜೆ ಮುಗಿಸಿ ಹೊರಟಾಗ ಬಂಗಾರದ ಬಟ್ಟಲು ಮರೆತು ಬಂದೆವು ಎಂಬ ನೆವ ಮಾಡಿ ಅವಳನ್ನು ಕಳಿಸುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ಕೆಟ್ಟ ಕನಸು ಕಂಡು ಕುದುರೆ ಹತ್ತಿ ಬಂದ ಗಂಡನಿಗೆ ಮನೆಯವರು ಯಾರೂ ನಿಜ ಹೇಳುವುದಿಲ್ಲ. ನಿಜ ಸಿಗುವುದು ಮತ್ತೆ ಆ ಗೆಳತಿಯ ಬಾಯಲ್ಲಿ. ಅವನು ಅದೇ ಕೆರೆಗೆ ಹಾರುತ್ತಾನೆ. ಮನೆ ಉಳಿಸಿಕೊಳ್ಳಲು ಸೊಸೆಯನ್ನು ಕೊಟ್ಟವರು ಮಗನನ್ನೂ ಕೊಟ್ಟರು. ಈ ಲೆಕ್ಕವನ್ನು ಹಾಡು ಎಲ್ಲಿಯೂ ಬಾಯಿಬಿಟ್ಟು ಕೂಡಿಸಿ ತೋರಿಸುವುದಿಲ್ಲ.

ಯಾರನ್ನು ಕೇಳಲಿಲ್ಲ?

‘ಯಯಾತಿ’ಗೆ ಇದೊಂದೇ ಪ್ರಶ್ನೆ ಸಾಕು. ಶುಕ್ರಾಚಾರ್ಯರ ಶಾಪದಿಂದ ಬಂದ ಮುಪ್ಪನ್ನು ಯಯಾತಿ ಮಗ ಪುರುವಿಗೆ ದಾಟಿಸುತ್ತಾನೆ. ಪುರು ಒಪ್ಪುತ್ತಾನೆ. ಅಪ್ಪ ಮಗನ ನಡುವೆ ವ್ಯವಹಾರ ಮುಗಿಯಿತು. ಆದರೆ ಪುರುವಿಗೆ ಈಗಷ್ಟೇ ಮದುವೆಯಾಗಿದೆ. ಮಹಾಭಾರತದ ಕಥೆಯಲ್ಲಿ ಇಲ್ಲದ ಈ ಹೆಂಡತಿಯನ್ನು ಕಾರ್ನಾಡರು ತಾವೇ ಸೃಷ್ಟಿಸಿ ತಂದರು. ಚಿತ್ರಲೇಖೆ ಮಾವನನ್ನು ನೇರವಾಗಿ ಕೇಳುತ್ತಾಳೆ: ಗಂಡನ ಯೌವನವನ್ನು ನೀವು ತೆಗೆದುಕೊಂಡಿರಿ, ಹಾಗಾದರೆ ನಾನು ಯಾರವಳು? ಉತ್ತರ ಇಲ್ಲ. ಅವಳು ವಿಷ ಕುಡಿಯುತ್ತಾಳೆ. ನಾಟಕ ಬರೆದಾಗ ಕಾರ್ನಾಡರಿಗೆ ಇಪ್ಪತ್ತರ ಆಚೀಚೆ, ಓದಲು ಆಕ್ಸ್‌ಫರ್ಡ್‌ಗೆ ಹೊರಟಿದ್ದ ಹೊತ್ತು. ಮಗನಿಂದ ತಂದೆತಾಯಿ ಏನನ್ನು ಕೇಳಬಹುದು ಎಂಬ ಪ್ರಶ್ನೆ ಅವರಿಗೆ ಪುರಾಣದ್ದಾಗಿಯಷ್ಟೇ ಇರಲಿಲ್ಲ.

ಕಥೆಯಲ್ಲಿ ಮನೆಯವರು ತೆಗೆದುಕೊಂಡ ದೊಡ್ಡ ತೀರ್ಮಾನಗಳನ್ನು ಒಂದರ ಕೆಳಗೊಂದು ಬರೆದು, ಅದರಿಂದ ಬದುಕು ಬದಲಾಗುವವರನ್ನು ಕೇಳಿದರೋ ಇಲ್ಲವೋ ಎಂದು ಗುರುತು ಹಾಕಿ. ಭಾಗೀರಥಿ ಮತ್ತು ಚಿತ್ರಲೇಖೆಯ ಮುಂದೆ ಒಂದೇ ಗುರುತು ಬೀಳುತ್ತದೆ.

ಹೇಳುವವನ ಮೇಲೂ ಒಂದು ಕಣ್ಣಿರಲಿ

ಮನೆಯ ಕಥೆ ಹೇಳುವವನು ಮನೆಯವನೇ ಆದಾಗ ಎಚ್ಚರ ಬೇಕು. ‘ಘಾಚರ್ ಘೋಚರ್’ನ ಯುವಕ ಮೆತ್ತಗೆ, ಚೆನ್ನಾಗಿ, ತಮಾಷೆಯಾಗಿ ಮಾತಾಡುತ್ತಾನೆ. ಕಾಫಿ ಹೌಸಿನ ಮೇಜಿಗೆ ನಮ್ಮನ್ನು ಕೂರಿಸಿಕೊಂಡು ಹೇಳಿದ ಹಾಗಿರುತ್ತದೆ. ನಮಗೇ ಗೊತ್ತಿಲ್ಲದೆ ತಲೆ ಆಡಿಸುತ್ತಿರುತ್ತೇವೆ.

ಒಂದು ದಿನ ಮನೆ ಬಾಗಿಲಿಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ. ಕೈಯಲ್ಲಿ ಅವನಿಗೆ ಇಷ್ಟವಾದ ಸಾರು. ಅಮ್ಮ ಮತ್ತು ಸೋದರಿ ಮಾಲತಿ ಅವಳ ಮಾನ ತೆಗೆದು ಓಡಿಸುತ್ತಾರೆ. ಆ ಪುಟಗಳನ್ನು ಎರಡು ಸಲ ಓದಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ, ಕಥೆ ಹೇಳುವವನು ಆ ಹೊತ್ತಿನಲ್ಲಿ ಮಾಡಿದ ಕೆಲಸಗಳನ್ನಷ್ಟೇ ಪಟ್ಟಿ ಮಾಡಿ. ಕ್ರಿಯಾಪದಗಳು ಸಾಕು. ಪಟ್ಟಿ ಎಷ್ಟು ಚಿಕ್ಕದು ನೋಡಿ. ಆಮೇಲೆ ಅವನು ‘ನಾವು’ ಎಂದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಸುತ್ತು ಹಾಕಿ, ಆ ‘ನಾವು’ ಒಳಗೆ ಅನಿತಾ ಇದ್ದಾಳೆಯೇ ಎಂದು ಪ್ರತಿ ಸಲವೂ ಕೇಳಿಕೊಳ್ಳಿ.

ಪುಸ್ತಕದ ಹೆಸರಿನ ಬಗ್ಗೆಯೂ ಒಂದು ಮಾತು. ‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲೂ ಇಲ್ಲ. ಅದು ಅನಿತಾಳ ತವರಿನ ಮಾತು, ಬಿಡಿಸಲಾರದಷ್ಟು ಗೋಜಲಾದದ್ದಕ್ಕೆ ಆ ಮನೆಯವರು ಕಟ್ಟಿಕೊಂಡ ಪದ. ಮಧುಚಂದ್ರದಲ್ಲಿ ಬಿಚ್ಚಲಾಗದ ಲಾಡಿಯ ಗಂಟಿನ ಎದುರು ಅದನ್ನು ಅವಳು ಗಂಡನಿಗೆ ಹೇಳುತ್ತಾಳೆ. ಹೊರಗಿನಿಂದ ಬಂದವಳು ತಂದ ಒಂದೇ ಒಂದು ಪದ, ಇಡೀ ಮನೆಗೆ ಹೆಸರಾಗುತ್ತದೆ. ಎಲ್ಲ ಮನೆಯಲ್ಲೂ ಇಂಥ ಒಳಪದಗಳಿರುತ್ತವೆ. ನಮ್ಮ ಮನೆಯಲ್ಲಿ “ಅವನು ಮೈಸೂರಿಗೆ ಹೋಗಿದ್ದಾನೆ” ಅಂದರೆ ಮುನಿಸಿಕೊಂಡು ಮಾತು ಬಿಟ್ಟಿದ್ದಾನೆ ಎಂದರ್ಥ. ಮೈಸೂರು ಯಾಕೆ ಬಂತೋ, ಕೇಳಬೇಕಾದವರು ಈಗಿಲ್ಲ.

ಮನೆಯ ಹೊರಗೂ ನೋಡಿ

ಸೊಸೆಯ ಕಣ್ಣಿನಿಂದ ನೋಡುವ ಈ ಉಪಾಯಕ್ಕೊಂದು ಮಿತಿ ಇದೆ. ಮನೆಯೊಳಗಿನದು ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ. ‘ಗೃಹಭಂಗ’ದಲ್ಲಿ ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ, ಕೊನೆಗೆ ನಂಜಮ್ಮ, ಎಲ್ಲರನ್ನೂ ಒಯ್ಯುವುದು ಪ್ಲೇಗು. ಬಾಲ್ಯದಲ್ಲಿ ಪ್ಲೇಗಿಗೆ ತನ್ನವರನ್ನು ಕಳೆದುಕೊಂಡ ಲೇಖಕರು ಬರೆದ ಪುಟಗಳು ಅವು, ಓದುವಾಗ ಅದು ಗೊತ್ತಾಗುತ್ತದೆ. ಒಳ್ಳೆಯ ಗಂಡ ಇದ್ದಿದ್ದರೂ ಪ್ಲೇಗು ಬರುತ್ತಿತ್ತು.

ಇದನ್ನು ಮರೆಯದಿರಲು ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ವನ್ನು ನಡುವೆ ಒಮ್ಮೆ ಓದಿಕೊಳ್ಳಿ. ಸಾಕವ್ವನ ಗುಡಿಸಲಲ್ಲೂ ಜಗಳಕ್ಕೇನು ಕಡಿಮೆ ಇಲ್ಲ. ಆದರೆ ಕದ್ದು ತಂದ ಕಡಲೆಕಾಯಿ ಮೂಟೆಯ ಸುತ್ತ ಕೂತು ಒಂದು ರಾತ್ರಿ ಅವರೆಲ್ಲ ತಿನ್ನುವುದನ್ನು ನೋಡಿ. ಹಸಿವು ಬಗೆಹರಿದ ಆ ಕೆಲವು ಗಂಟೆ ಆ ಮನೆಯಲ್ಲಿ ಬಿರುಕೇ ಕಾಣುವುದಿಲ್ಲ. ಆಮೇಲೆ ಹೊರಗಿನಿಂದ ಪೊಲೀಸರು ಬರುತ್ತಾರೆ. ಊಟದ ಕಾಲಂ ತುಂಬುವಾಗ ನನಗೆ ಅತಿ ಇಷ್ಟವಾದ ಪುಟ ಅದು. ಯಾರು ಮೊದಲು, ಯಾರು ಕೊನೆ ಎಂಬುದೇ ಇಲ್ಲ.

ಈಗ ಗಂಗಮ್ಮನಿಗೆ ಮರಳಿ

ಇಷ್ಟೆಲ್ಲ ಆದ ಮೇಲೆ, ಮೊದಲು ಯಾರಿಗೆ ಶಾಪ ಹಾಕಿದಿರೋ ಅವರ ಭಾಗಗಳನ್ನಷ್ಟೇ ಮತ್ತೆ ಓದಿ. ನಮಗೆ ಅದು ಗಂಗಮ್ಮ. ಎಳೆಯ ಪ್ರಾಯದಲ್ಲೇ ಗಂಡ ಸತ್ತು ಎರಡು ಮಕ್ಕಳನ್ನು ಕಟ್ಟಿಕೊಂಡು ಊರಿನ ಎದುರು ನಿಂತವಳು. ಅವಿಭಕ್ತ ಕುಟುಂಬದಲ್ಲಿ ಪಾಲಾಗುವಾಗ ವಿಧವೆಗೂ ಒಂದು ಪಾಲು ಎಂಬ ಕಾಯ್ದೆ ಮೈಸೂರು ಸಂಸ್ಥಾನದಲ್ಲಿ ಬಂದದ್ದು 1933ರಲ್ಲಿ. ಅವಳು ವಿಧವೆಯಾದಾಗ ಅದೂ ಇರಲಿಲ್ಲ. ಊರಲ್ಲಿ ಅವಳಿಗೆ ಹೆದರುತ್ತಿದ್ದರೆ ಅದು ಬಾಯಿಗೆ. ಆ ಬಾಯಿಯೊಂದೇ ಅವಳ ಆಸ್ತಿ, ಅದನ್ನೇ ಮಕ್ಕಳಿಗೂ ಬಿಟ್ಟುಹೋದಳು. ಇದನ್ನೆಲ್ಲ ಹೇಳಿದ ಮಾತ್ರಕ್ಕೆ ನಂಜಮ್ಮನಿಗೆ ಅವಳು ಕೊಟ್ಟ ಕಾಟ ಒಂದು ತೂಕವೂ ಕಡಿಮೆಯಾಗುವುದಿಲ್ಲ. ನಮ್ಮ ಗುಂಪಿನ ಒಬ್ಬರು ಈಗಲೂ “ಏನೇ ಹೇಳಿ, ನಾನು ಕ್ಷಮಿಸಲ್ಲ” ಎನ್ನುತ್ತಾರೆ. ಕ್ಷಮಿಸಬೇಕಾಗಿಯೂ ಇಲ್ಲ. ಎರಡನೆಯ ಓದಿನಲ್ಲಿ ಅವಳೂ ಒಂದು ಕಾಲದ ಸೊಸೆ ಎಂಬುದು ಕಣ್ಣಿಗೆ ಬಿದ್ದರೆ ಆಯಿತು.

ಗುಂಪಿನಲ್ಲಿ ಓದುವವರಿಗೆ

ಈ ಪುಸ್ತಕಗಳ ಚರ್ಚೆಯಲ್ಲಿ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಯಾರಾದರೊಬ್ಬರು “ನಮ್ಮ ಮನೇಲೂ...” ಎಂದು ಶುರು ಮಾಡುತ್ತಾರೆ. ಮಾಡಲಿ. ನಾವು ಕಷ್ಟಪಟ್ಟು ಕಲಿತ ಒಂದೆರಡು ನಿಯಮ ಹೇಳಿಬಿಡುತ್ತೇನೆ. ಹೇಳುವವರ ಮಾತಿಗೆ ಪರಿಹಾರ ಸೂಚಿಸಕೂಡದು. “ಅದಕ್ಕೇನಂತೆ, ಎಲ್ಲರ ಮನೆ ದೋಸೆಯೂ ತೂತೇ” ಎಂಬ ಸಮಾಧಾನ ಅಂತೂ ಬೇಡವೇ ಬೇಡ; ಆ ಗಾದೆ ಬಾಯಿ ಮುಚ್ಚಿಸಿದಷ್ಟು ಇನ್ನೊಂದು ಮುಚ್ಚಿಸಲಾರದು. ಒಂದೇ ಮನೆಯ ಅತ್ತೆ ಸೊಸೆ ಇಬ್ಬರೂ ಗುಂಪಿನಲ್ಲಿದ್ದರೆ ಈ ಸರಣಿಯನ್ನು ಬೇರೆ ಬೇರೆ ದಿನ ಓದಿಸಿ. ನಾವು ಒಮ್ಮೆ ಒಟ್ಟಿಗೆ ಕೂರಿಸಿ, ‘ಹೆಸರು ಯಾರದು, ಕೆಲಸ ಯಾರದು’ ಕಾಲಂ ತುಂಬಿಸುವ ಹೊತ್ತಿಗೆ ಇಬ್ಬರೂ ಎದ್ದು ಬೇರೆ ಬೇರೆ ಆಟೋದಲ್ಲಿ ಹೋದರು. ತಪ್ಪು ನಮ್ಮದು. ಮುಂದಿನ ತಿಂಗಳು ಅತ್ತೆ ಒಬ್ಬರೇ ಬಂದರು, ಸೊಸೆ ತುಂಬಿಸಿದ ಹಾಳೆಯನ್ನು ಕೇಳಿ ಇಸಿದುಕೊಂಡು ಹೋದರು.

ನಾಲ್ಕೂ ಮುಗಿದ ಮೇಲೆ ಮುಂದೇನು ಎನ್ನುವವರಿಗೆ ತ್ರಿವೇಣಿಯವರ ‘ಶರಪಂಜರ’. ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ನೋಡಿದವರು ಕಾದಂಬರಿಯನ್ನು ಓದಿದ ಹಾಗೇ ಅಂದುಕೊಂಡು ಬಿಟ್ಟುಬಿಡುತ್ತಾರೆ, ಹಾಗೆ ಮಾಡಬೇಡಿ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣಿನ ಕಥೆ ಬರೆದ ಅವರು 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮನೆಯಲ್ಲಿ ಬಾಣಂತಿ ಇದ್ದರೆ ಪುಸ್ತಕವನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿ. ಓದುವಾಗ ನೋಟ್‌ಬುಕ್ಕಿನಲ್ಲಿ ಹೊಸ ಪುಟ ಬೇಡ, ಕರೆಯುವ ಬಗೆಗೆ ಮೀಸಲಿಟ್ಟ ಪುಟವನ್ನೇ ಮುಂದುವರಿಸಿ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮೊದಲು ಮಾತಾಡಿಸುವವರು ಯಾರು, ಏನೆಂದು ಕರೆಯುತ್ತಾರೆ, ಎಷ್ಟು ದೂರದಲ್ಲಿ ನಿಂತು ಕರೆಯುತ್ತಾರೆ ಎಂಬುದನ್ನು ಬರೆದುಕೊಳ್ಳಿ.